ಕನ್ನಡ ಪಂಡಿತನ ಭೌತಶಾಸ್ತ್ರ

ಪ್ರಸ್ತುತ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿಕೊಂಡಾಗ, ನಾನು ವಚನ ಸಾಹಿತ್ಯವನ್ನು ಕುರಿತೋ ಹಳಗನ್ನಡ ವ್ಯಾಕರಣವನ್ನು ಕುರಿತೋ ನಾಲ್ಕು ಮಾತು ಬರೆದೇನೆಂದು ಅವರು ಭಾವಿಸಿದ್ದಿರಬೇಕು. ಭೌತಶಾಸ್ತ್ರದ ಮೂಲಪಾಠಗಳ ವಿಷಯವಾಗಿ ಬರೆಯುವೆನೆಂದಾಗ ಅವರಲ್ಲೊಬ್ಬರು ನಕ್ಕೇಬಿಟ್ಟರು. ನಗತಕ್ಕ ಮಾತೇ ಸರಿ. ಪಾಠಶಾಲೆಯಲ್ಲಿ ಅಮರಕೋಶ, ತರ್ಕಸಂಗ್ರಹ, ಶಬ್ದಮಣಿದರ್ಪಣಗಳನ್ನು ಗುರುಮುಖೇನ ಅಭ್ಯಾಸಮಾಡಿ, ವಿದ್ವತ್ ಪರೀಕ್ಷೆಯನ್ನು ಮುಗಿಸಿಕೊಂಡು, 1997ರಲ್ಲಿ ಡೋಣಿಗೆ ಕನ್ನಡ ಪಂಡಿತನಾಗಿ ಬಂದವನು ನಾನು. ಗಣಿತವೆಂದರೆ ಛಂದಸ್ಸಿನ ಮಾತ್ರೆಗಳನ್ನು ಎಣಿಸುವಷ್ಟು ಮಾತ್ರ ಬಲ್ಲವನು. ಆದರೂ ಈ ವಿಷಯವನ್ನೇ ಆರಿಸಿಕೊಳ್ಳಲು ಒಂದು ಕಾರಣವುಂಟು. ಅದು ಒಂದು ತಪ್ಪಿಗೆ ಸಂಬಂಧಪಟ್ಟದ್ದು. ಆ ತಪ್ಪು ನನ್ನದು.

1999ರ ವಾರ್ಷಿಕ ಪರೀಕ್ಷೆ. ಒಂಬತ್ತನೆಯ ತರಗತಿಯ ಕನ್ನಡ ಪತ್ರಿಕೆಯಲ್ಲಿ ‘ಗಾಳಿ’ ಎಂಬ ವಿಷಯವನ್ನು ಕುರಿತು ಪ್ರಬಂಧ ಬರೆಯಲು ಕೇಳಿದ್ದೆ. ಬಹುತೇಕ ಮಕ್ಕಳು ಮಂದಮಾರುತ, ಬಿರುಗಾಳಿ, ಪ್ರಾಣವಾಯು ಎಂದು ನಾನು ಹೇಳಿಕೊಟ್ಟದ್ದನ್ನೇ ನನಗೆ ಒಪ್ಪಿಸಿದ್ದರು. ಕಪ್ಪತಗುಡ್ಡದ ಸೆರಗಿನಲ್ಲಿ ಹೊಲವಿದ್ದ ಒಬ್ಬ ಹುಡುಗ ಮಾತ್ರ ಬೇರೆ ರೀತಿಯಾಗಿ ಬರೆದಿದ್ದ. ಗಾಳಿಯ ಜವ ಎಷ್ಟೆಂದು ಹೇಳಿದರೆ ಸಾಲದು, ಅದು ಯಾವ ದಿಕ್ಕಿಗೆ ಬೀಸುತ್ತದೆಂಬುದನ್ನೂ ಹೇಳಿದಾಗ ಮಾತ್ರ ಅದರ ವೇಗವನ್ನು ಹೇಳಿದಂತಾಗುತ್ತದೆ ಎಂಬುದು ಅವನ ವಾಕ್ಯದ ತಾತ್ಪರ್ಯ. ನಾನು ಆ ವಾಕ್ಯದ ಮೇಲೆ ಕೆಂಪು ಶಾಯಿಯ ಗೆರೆಯೆಳೆದು, ‘ಪುನರುಕ್ತಿ ದೋಷ, ಜವ, ವೇಗ ಒಂದೇ’ ಎಂದು ಅಂಚಿನಲ್ಲಿ ಬರೆದು, ಎರಡು ಅಂಕಗಳನ್ನು ಕಳೆದೆ.

ಉತ್ತರಪತ್ರಿಕೆ ಕೈಗೆ ಬಂದ ದಿನ ಆ ಹುಡುಗ ಕೋಣೆಯ ಬಾಗಿಲಲ್ಲಿ ನಿಂತು, “ವಿಜ್ಞಾನದ ಗುರುಗಳು ಹಂಗ ಹೇಳ್ಯಾರ್ರಿ” ಎಂದ. “ಇದು ಕನ್ನಡ ಪತ್ರಿಕೆ, ತಮ್ಮಾ. ಇಲ್ಲಿ ನಿಘಂಟು ಪ್ರಮಾಣ” ಎಂದು ನಾನು ಹೇಳಿದೆ. ಅವನು ಮತ್ತೊಂದು ಮಾತನ್ನಾಡದೆ ಹೋದ. ಆ ವರ್ಷ ಕನ್ನಡದಲ್ಲಿ ಪ್ರಥಮ ಸ್ಥಾನ ಪಡೆದವರಿಗೆ ದಾನಿಯೊಬ್ಬರು ಇಟ್ಟಿದ್ದ ಬಹುಮಾನ, ಒಂದು ಪುಸ್ತಕ ಮತ್ತು ಐವತ್ತೊಂದು ರೂಪಾಯಿ, ಒಂದೇ ಅಂಕದ ಅಂತರದಿಂದ ಬೇರೊಬ್ಬನ ಪಾಲಾಯಿತು. ಆ ಒಂದು ಅಂಕವನ್ನು ನಾನು ಆಗ ಗಮನಿಸಲೂ ಇಲ್ಲ.

ನಿಘಂಟು ನನ್ನ ಪಕ್ಷದಲ್ಲೇ ಇತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಜವಕ್ಕೆ ವೇಗವೆಂದೂ ವೇಗಕ್ಕೆ ಜವವೆಂದೂ ಕೋಶಕಾರರು ಅರ್ಥ ಹೇಳುತ್ತಾರೆ. ಕವಿಗೆ ಪ್ರಾಸಕ್ಕೋ ಗಣಕ್ಕೋ ಒದಗುವ ಶಬ್ದ ಬೇಕು. ಸಮಾನಾರ್ಥಕಗಳು ಹೆಚ್ಚಿದ್ದಷ್ಟೂ ಅವನಿಗೆ ಲಾಭವೇ. ಶಬ್ದಗಳನ್ನು ಹೀಗೆ ಹತ್ತಿರ ಹತ್ತಿರ ಕೂಡಿಸಿ ನೋಡುವ ವಿದ್ಯೆಯಲ್ಲಿ ಬೆಳೆದವನಿಗೆ, ಅವುಗಳನ್ನು ಬಿಡಿಸಿ ದೂರ ನಿಲ್ಲಿಸುವ ವಿದ್ಯೆಯೊಂದು ಪಕ್ಕದ ಕೋಣೆಯಲ್ಲೇ ನಡೆಯುತ್ತಿದ್ದರೂ ತಿಳಿಯಲಿಲ್ಲ.

ಅದು ತಿಳಿದದ್ದು ಹದಿನೆಂಟು ವರ್ಷಗಳ ತರುವಾಯ. 2017ರ ಜೂನ್ ತಿಂಗಳಲ್ಲಿ ವಿಜ್ಞಾನದ ಗುರುಗಳು ನಿವೃತ್ತರಾದರು. ಹೊಸಬರು ಬರುವವರೆಗೆ ಒಂಬತ್ತನೆಯ ತರಗತಿಯ ಭೌತಶಾಸ್ತ್ರದ ಮೊದಲ ಪಾಠಗಳನ್ನಾದರೂ ಯಾರಾದರೂ ಓದಿಸಬೇಕಾಗಿತ್ತು. ಮುಖ್ಯಗುರುಗಳು ಎಲ್ಲರ ಮುಖವನ್ನೂ ನೋಡಿ ಕಡೆಗೆ ನನ್ನ ಮುಖದಲ್ಲಿ ದೃಷ್ಟಿ ನಿಲ್ಲಿಸಿದರು. “ಪುಸ್ತಕ ಕನ್ನಡದಾಗೇ ಐತಲ್ರಿ ಪಂಡಿತರ” ಎಂದರು. ಈ ಮಾತಿಗೆ ಪ್ರತ್ಯುತ್ತರವಿರಲಿಲ್ಲ.

ರಾತ್ರಿ ದೀಪದ ಮುಂದೆ ಪುಸ್ತಕ ತೆರೆದು ಕುಳಿತೆ. ಮೊದಲ ಪಾಠವೇ ಚಲನೆ. ಚಲಿಸಿದ ದೂರ ಬೇರೆ, ಸ್ಥಾನಪಲ್ಲಟ ಬೇರೆ. ಡೋಣಿಯಿಂದ ಡಂಬಳಕ್ಕೆ ಹೋಗಿ ಮರಳಿ ಮನೆಗೆ ಬಂದವನು ಚಲಿಸಿದ ದೂರವೇನೋ ಉಂಟು, ಆದರೆ ಹೊರಟಲ್ಲಿಗೇ ಬಂದುದರಿಂದ ಅವನ ಸ್ಥಾನಪಲ್ಲಟ ಸೊನ್ನೆ. ಗಾಣದ ಎತ್ತು ದಿನವಿಡೀ ತುಳಿದರೂ ಪ್ರತಿ ಸುತ್ತಿನ ಕೊನೆಗೆ ಅದರ ಸ್ಥಾನಪಲ್ಲಟ ಸೊನ್ನೆಯೇ. ದೂರವನ್ನು ಕಾಲದಿಂದ ಭಾಗಿಸಿದರೆ ಬರುವುದು ಜವ. ಸ್ಥಾನಪಲ್ಲಟವನ್ನು ಕಾಲದಿಂದ ಭಾಗಿಸಿದರೆ ಬರುವುದು ವೇಗ. ಆದ್ದರಿಂದ ಆ ಎತ್ತಿಗೆ ಸುತ್ತೊಂದರಲ್ಲಿ ಸರಾಸರಿ ಜವವುಂಟು, ಸರಾಸರಿ ವೇಗವಿಲ್ಲ! ಮೊದಲನೆಯದು ಅದಿಶ, ಎರಡನೆಯದು ಸದಿಶ. ಈ ಎರಡು ಶಬ್ದಗಳನ್ನು ಟಂಕಿಸಿದ ಮಹನೀಯರು ಯಾರೋ, ಅವರಿಗೆ ಮನಸ್ಸಿನಲ್ಲೇ ವಂದಿಸಿದೆ. ದಿಶೆಯಿಲ್ಲದ್ದು, ದಿಶೆಯೊಡನೆ ಕೂಡಿದ್ದು: ಎರಡೇ ಅಕ್ಷರಗಳ ಭೇದದಲ್ಲಿ ಇಡೀ ಪಾಠವೇ ಅಡಗಿದೆ. ಹೀಗೆ ಹಿಗ್ಗುತ್ತಿರುವಾಗಲೇ ಬಾಗಿಲಲ್ಲಿ ನಿಂತಿದ್ದ ಆ ಹುಡುಗ ನೆನಪಾದ. ಮುಂದೆ ಓದಲು ಮನಸ್ಸಾಗಲಿಲ್ಲ; ಪುಸ್ತಕ ಮುಚ್ಚಿಟ್ಟೆ.

ಆದರೂ ಮರುದಿನ ಪಾಠ ಹೇಳಲೇಬೇಕಾಗಿತ್ತು. ಪ್ರಯೋಗಗಳನ್ನು ಮಾಡಿ ತೋರಿಸುವ ಪರಿಣತಿ ನನಗಿರಲಿಲ್ಲ. ನನ್ನಲ್ಲಿದ್ದುದು ತರ್ಕದ ಒಂದೇ ಒಂದು ಆಯುಧ: ಲಕ್ಷಣವನ್ನು ಪರೀಕ್ಷಿಸುವ ಕ್ರಮ. ಕೋಡುಳ್ಳದ್ದು ಗೋವು ಎಂದರೆ ಎಮ್ಮೆಯೂ ಗೋವಾಗುತ್ತದೆ, ಅದು ಅತಿವ್ಯಾಪ್ತಿ. ಕಂದು ಬಣ್ಣದ್ದು ಗೋವು ಎಂದರೆ ಬಿಳಿಯ ಆಕಳು ಹೊರಗುಳಿಯುತ್ತದೆ, ಅದು ಅವ್ಯಾಪ್ತಿ. ಒಂಟಿ ಗೊರಸುಳ್ಳದ್ದು ಗೋವು ಎಂದರೆ ಯಾವ ಗೋವಿಗೂ ಸಲ್ಲದು, ಅದು ಅಸಂಭವ. ಈ ಮೂರು ದೋಷಗಳೂ ಇಲ್ಲದ್ದೇ ಸಲ್ಲಕ್ಷಣ. ಭೌತಶಾಸ್ತ್ರದ ಪುಸ್ತಕದಲ್ಲಿರುವ ಒಂದೊಂದು ವ್ಯಾಖ್ಯೆಯೂ ಈ ಒರೆಗಲ್ಲಿಗೆ ಉಜ್ಜಿ ಬಂದ ಲಕ್ಷಣವೇ ಎಂದು ಕಂಡಾಗ ನನಗೆ ಧೈರ್ಯ ಬಂದಿತು.

ಆ ಧೈರ್ಯದಿಂದಲೇ ‘ಕೆಲಸ’ ಎಂಬ ಪಾಠವನ್ನು ಕೈಗೆತ್ತಿಕೊಂಡೆ. ದಣಿವಾಗುವುದೇ ಕೆಲಸವೆಂದು ಮಕ್ಕಳು ಲಕ್ಷಣ ಹೇಳಿದರು. ದಣಿವರಿಯದ ಯಂತ್ರವೂ ಕೆಲಸ ಮಾಡುತ್ತದಲ್ಲ, ಅವ್ಯಾಪ್ತಿ ಎಂದೆ. ಬಲವನ್ನು ಪ್ರಯೋಗಿಸುವುದೇ ಕೆಲಸವೆಂದರು. ಗೋಡೆಯನ್ನು ನೂಕುತ್ತ ನಿಂತವನೂ ಬಲ ಪ್ರಯೋಗಿಸುತ್ತಾನೆ, ಆದರೆ ಗೋಡೆ ಕದಲದು, ಅತಿವ್ಯಾಪ್ತಿ ಎಂದೆ. ಕಡೆಗೆ, ಬಲವನ್ನು ಪ್ರಯೋಗಿಸಿದಾಗ ವಸ್ತುವು ಆ ಬಲದ ದಿಕ್ಕಿನಲ್ಲಿ ಚಲಿಸಿದರೆ ಮಾತ್ರ ಕೆಲಸ ಎಂಬಲ್ಲಿಗೆ ಬಂದು ನಿಂತೆವು. ಶೇಂಗಾ ಚೀಲವನ್ನು ನೆಲದಿಂದ ತಲೆಗೆ ಏರಿಸಿದ ಹಮಾಲನು ಕೆಲಸ ಮಾಡಿದ. ಆದರೆ ಚೀಲ ಹೊತ್ತು ಒಂದು ತಾಸು ನಿಂತಲ್ಲೇ ನಿಂತರೆ, ಚೀಲದ ಮೇಲೆ ಅವನು ಮಾಡಿದ ಕೆಲಸ ಸೊನ್ನೆ. ಸಮನೆಲದಲ್ಲಿ ಒಂದೇ ಸಮನಾಗಿ ನಡೆದರೂ ಅಷ್ಟೇ. ಅವನು ಎತ್ತಿ ಹಿಡಿಯುವ ಬಲ ಮೇಲ್ಮುಖ, ಚೀಲದ ಚಲನೆ ಅಡ್ಡ.

ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತ. ಅವನ ತಂದೆ ಮುಂಡರಗಿಯ ಪೇಟೆಯಲ್ಲಿ ಚೀಲ ಹೊರುವವರೆಂದು ಅನಂತರ ತಿಳಿಯಿತು. “ಹಂಗಾದ್ರ ಹಮಾಲಗ ಪಗಾರ ಕೊಡೂದ ಬ್ಯಾಡೇನ್ರಿ ಗುರುಗಳ?” ಎಂದ. ತರಗತಿಯೆಲ್ಲ ನಕ್ಕಿತು. ಅವನು ನಗಲಿಲ್ಲ. ಕಾಯಕ ಬೇರೆ, ಭೌತಶಾಸ್ತ್ರದ ಕೆಲಸ ಬೇರೆ. ಮೊದಲನೆಯದರಲ್ಲಿ ಮಾಡುವವನ ಭಾವಕ್ಕೆ ಬೆಲೆಯುಂಟು, ಎರಡನೆಯದು ಭಾವವನ್ನು ಕೇಳುವುದಿಲ್ಲ, ಬಲ ಮತ್ತು ದೂರವನ್ನಷ್ಟೇ ಅಳೆಯುತ್ತದೆ ಎಂದು ಏನೋ ಸಮಾಧಾನ ಹೇಳಿದೆ. ಮಾತು ಸುಳ್ಳಲ್ಲ. ಆದರೆ ಹುಡುಗನು ಕೇಳಿದ್ದು ಅದನ್ನಲ್ಲ. ಕೆಲಸವೇ ಆಗದಿದ್ದರೆ ತನ್ನ ತಂದೆ ಸಂಜೆ ದಣಿದು ಬರುವುದೇಕೆ ಎಂಬುದು ಅವನ ಪ್ರಶ್ನೆ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ‘ನಾಳೆ ನೋಡೋಣ’ ಎಂದು ಗಂಟೆಯ ಆಶ್ರಯ ಪಡೆದೆ.

ನಾನು ಕಲಿತ ತರ್ಕವೇ ಕೆಲವೆಡೆ ನನಗೆ ತೊಡಕಾದುದನ್ನೂ ಹೇಳಬೇಕು. 17ನೆಯ ಶತಮಾನದ ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಗುರುತ್ವವೆಂಬುದು ವಸ್ತುವಿನಲ್ಲೇ ಇರುವ ಒಂದು ಗುಣ; ಮೊದಲ ಪತನಕ್ಕೆ ಅದು ಕಾರಣ. ಅದಿರುವುದು ಪೃಥ್ವಿಯಲ್ಲಿ ಮತ್ತು ಜಲದಲ್ಲಿ ಮಾತ್ರ. ಅದೇ ಶತಮಾನದಲ್ಲಿ, 1687ರಲ್ಲಿ, ನ್ಯೂಟನ್ ಪ್ರಕಟಿಸಿದ ಗ್ರಂಥದಲ್ಲಿ ಅದು ಒಂದು ವಸ್ತುವಿನ ಗುಣವಲ್ಲ, ಎರಡು ವಸ್ತುಗಳ ನಡುವಣ ಪರಸ್ಪರ ಆಕರ್ಷಣೆ. ಮಾವಿನಕಾಯಿಯನ್ನು ಭೂಮಿ ಎಳೆಯುತ್ತದೆ, ಅಷ್ಟೇ ಬಲದಿಂದ ಮಾವಿನಕಾಯಿಯೂ ಭೂಮಿಯನ್ನು ಎಳೆಯುತ್ತದೆ. ನಮ್ಮ ಪಠ್ಯಪುಸ್ತಕದವರು ಹಳೆಯ ಶಬ್ದವನ್ನೇ ಎತ್ತಿಕೊಂಡು ಗುರುತ್ವಾಕರ್ಷಣೆ ಎಂದರು. ಮನೆ ಅದೇ, ಒಳಗಿನ ಒಕ್ಕಲು ಬೇರೆ. ಹಿಗ್ಗಿಸಿ ಬಿಟ್ಟ ವಸ್ತು ಮೊದಲಿನ ಆಕಾರಕ್ಕೆ ಮರಳುವ ಗುಣಕ್ಕೆ ಸ್ಥಿತಿಸ್ಥಾಪಕತ್ವವೆಂಬ ಹೆಸರು ಬಂದದ್ದೂ ವೈಶೇಷಿಕರ ಸಂಸ್ಕಾರಪ್ರಕರಣದಿಂದಲೇ. ಅಲ್ಲಿ ಅರ್ಥ ಹೆಚ್ಚು ಕೆಡದೆ ಉಳಿದಿದೆ. ವೇಗವೂ ಅದೇ ಪ್ರಕರಣದಲ್ಲಿ ಬರುತ್ತದೆ. ತಾರ್ಕಿಕರ ವೇಗ ಮನಸ್ಸಿಗೂ ಉಂಟು, ಮನೋವೇಗ! ಭೌತಶಾಸ್ತ್ರಜ್ಞರು ಮಾತ್ರ ಮನಸ್ಸನ್ನು ಈ ಪಟ್ಟಿಯಿಂದ ಕೈಬಿಟ್ಟಿದ್ದಾರೆ.

ಗಾಳಿಗೆ ಗುರುತ್ವವಿಲ್ಲವೆಂಬ ತಾರ್ಕಿಕರ ಮಾತನ್ನು ನಾನು ನಲವತ್ತೇಳನೆಯ ವಯಸ್ಸಿನವರೆಗೂ ನಂಬಿದ್ದೆ. ಒಂದು ಘನಮೀಟರ್ ಗಾಳಿ ಒಂದು ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚು ತೂಗುತ್ತದೆಂದು ಪುಸ್ತಕದಲ್ಲಿ ಓದಿ, ನಮ್ಮ ತರಗತಿಯ ಕೋಣೆಯ ಉದ್ದ, ಅಗಲ, ಎತ್ತರಗಳನ್ನು ಮಕ್ಕಳಿಂದ ಅಳೆಯಿಸಿ ಗುಣಿಸಿದೆ. ಕೋಣೆಯೊಳಗಿನ ಗಾಳಿಯ ತೂಕ ಒಂದು ಕ್ವಿಂಟಲಿಗಿಂತಲೂ ಹೆಚ್ಚಾಯಿತು. ಮಕ್ಕಳಿಗಿಂತ ನಾನೇ ಹೆಚ್ಚು ಬೆರಗಾದೆ.

ತೂಕ ಮತ್ತು ದ್ರವ್ಯರಾಶಿಗಳ ಭೇದವನ್ನು ತಿಳಿಸಲು ತಕ್ಕಡಿ ನೆರವಾಯಿತು. ಅರವತ್ತು ಕಿಲೋಗ್ರಾಂ ದ್ರವ್ಯರಾಶಿಯ ಮನುಷ್ಯ ಚಂದ್ರನ ಮೇಲೆ ಹೋದರೂ ಅವನಲ್ಲಿರುವ ದ್ರವ್ಯ ಕಡಿಮೆಯಾಗದು. ಎರಡು ತಟ್ಟೆಯ ತಕ್ಕಡಿಯಲ್ಲಿ ಒಂದೆಡೆ ಅವನನ್ನೂ ಇನ್ನೊಂದೆಡೆ ಕಲ್ಲುಗಳನ್ನೂ ಇಟ್ಟರೆ ಅಲ್ಲಿಯೂ ಅರವತ್ತೇ ಬರುತ್ತದೆ, ಏಕೆಂದರೆ ಚಂದ್ರನು ಎರಡು ತಟ್ಟೆಗಳನ್ನೂ ಸಮನಾಗಿಯೇ ಎಳೆಯುತ್ತಾನೆ. ಆದರೆ ಸ್ಪ್ರಿಂಗ್ ತಕ್ಕಡಿಗೆ ತೂಗಿಹಾಕಿದರೆ ಮುಳ್ಳು ಹತ್ತರ ಹತ್ತಿರ ನಿಲ್ಲುತ್ತದೆ. ಚಂದ್ರನ ಎಳೆತ ಇಲ್ಲಿಯದರ ಆರನೆಯ ಒಂದು ಪಾಲು ಮಾತ್ರ. ಅಂಗಡಿಕಾರರ ಹಳೆಯ ತಕ್ಕಡಿ ತೂಗುವುದು ನಿಜವಾಗಿ ತೂಕವನ್ನಲ್ಲವೆಂಬ ಮಾತು ಮಕ್ಕಳಿಗೆ ಬಹಳ ಹಿಡಿಸಿತು.

ಬಲ, ಶಕ್ತಿ, ಸಾಮರ್ಥ್ಯಗಳನ್ನು ಕಾವ್ಯದಲ್ಲಿ ಒಂದರ ಬದಲು ಒಂದನ್ನಿಟ್ಟು ಬಳಸುತ್ತೇವೆ. ಇಲ್ಲಿ ಹಾಗಲ್ಲ. ನೂಕುವುದು, ಎಳೆಯುವುದು ಬಲ. ಕೆಲಸ ಮಾಡಲು ಒದಗುವ ಬಂಡವಾಳ ಶಕ್ತಿ. ಆ ಕೆಲಸವನ್ನು ಎಷ್ಟು ಬೇಗ ಮುಗಿಸುತ್ತೇವೆಂಬುದು ಸಾಮರ್ಥ್ಯ. ಹತ್ತು ಚೀಲಗಳನ್ನು ಅಟ್ಟಕ್ಕೆ ಒಬ್ಬ ಅರ್ಧ ತಾಸಿನಲ್ಲಿ, ಇನ್ನೊಬ್ಬ ಒಂದು ತಾಸಿನಲ್ಲಿ ಏರಿಸಿದರೆ ಚೀಲಗಳ ಮೇಲೆ ಆದ ಕೆಲಸ ಒಂದೇ, ಸಾಮರ್ಥ್ಯ ಮಾತ್ರ ಮೊದಲನೆಯವನದು ಇಮ್ಮಡಿ. ಈ ಲೆಕ್ಕದಲ್ಲಿ ನೋಡಿದರೆ ನಮ್ಮ ರೈತರ ಪಂಪಿನ ಮೇಲೆ ಬರೆಯುವ ‘ಅಶ್ವಶಕ್ತಿ’ ಎಂಬ ಶಬ್ದವೇ ಸರಿಯಿಲ್ಲ. ಒಂದು ಅಶ್ವಶಕ್ತಿಯೆಂದರೆ 746 ವ್ಯಾಟ್. ವ್ಯಾಟ್ ಸಾಮರ್ಥ್ಯದ ಮಾನ, ಶಕ್ತಿಯದಲ್ಲ. ಐದು ಅಶ್ವಶಕ್ತಿಯ ಸಾಮರ್ಥ್ಯವನ್ನು ಒಂದು ತಾಸು ಬಳಸಿದಾಗ ಸುಮಾರು 3.7 ಯುನಿಟ್ ಆಗುತ್ತದೆ. ಆ ಯುನಿಟ್ಟೇ ಶಕ್ತಿ. ಅಶ್ವಸಾಮರ್ಥ್ಯವೆಂದು ತಿದ್ದಬೇಕೆಂದು ನನ್ನ ಪಂಡಿತಬುದ್ಧಿ ಹಟ ಹಿಡಿಯಿತಾದರೂ, ಹಿಂದೊಮ್ಮೆ ಕೆಂಪು ಶಾಯಿಯ ಆತುರದಿಂದ ಆದದ್ದು ನೆನಪಾಗಿ ಸುಮ್ಮನಾದೆ. ರೂಢಿಗೂ ಒಂದು ಮರ್ಯಾದೆಯಿದೆ.

ಕನ್ನಡ ಪಂಡಿತರಿಗೂ ಭೌತಶಾಸ್ತ್ರಕ್ಕೂ ಸಂಬಂಧವಿಲ್ಲವೆಂದು ನಗುವವರಿಗೆ ಒಂದು ಮಾತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ 1918ರಲ್ಲಿ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿಗಾಗಿ ಪಂಪಭಾರತವನ್ನು ಸಂಪಾದಿಸಿದವರೂ ಅದೇ ವೆಂಕಟನಾರಣಪ್ಪನವರು. ಪಂಪನ ಪಾಠಾಂತರಗಳನ್ನು ತೂಗಿ ನೋಡಿದ ಕೈಯೇ ಪ್ರಯೋಗಶಾಲೆಯ ತಕ್ಕಡಿಯನ್ನೂ ಹಿಡಿದಿತ್ತು. ನಾನು ಆ ಪಂಪಭಾರತವನ್ನು ಓದಿದ್ದೆ, ಸಂಪಾದಕರು ಭೌತಶಾಸ್ತ್ರಜ್ಞರೆಂಬುದನ್ನು ಮಾತ್ರ ಅಲಕ್ಷ್ಯ ಮಾಡಿದ್ದೆ.

ಆಷಾಢ ಬಂದಿತು. ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳು ಎಡೆಬಿಡದೆ ತಿರುಗತೊಡಗಿದವು. (ಆ ಗುಡ್ಡಕ್ಕೆ 2019ರಲ್ಲಿ ವನ್ಯಜೀವಿಧಾಮವೆಂಬ ಘೋಷಣೆ ದೊರೆತದ್ದು ಅನಂತರದ ಮಾತು, ಅಲ್ಲಿಯ ಔಷಧೀಯ ಸಸ್ಯಗಳ ವಿಷಯವನ್ನು ಬಲ್ಲವರು ಬರೆಯಲಿ.) ಊರವರು ಅವುಗಳನ್ನು ಫ್ಯಾನು ಎನ್ನುತ್ತಾರೆ. ನಮ್ಮ ಮನೆಯ ಫ್ಯಾನು ವಿದ್ಯುತ್ತನ್ನು ತಿಂದು ಗಾಳಿ ಕೊಡುತ್ತದೆ, ಇವು ಗಾಳಿಯನ್ನು ತಿಂದು ವಿದ್ಯುತ್ತು ಕೊಡುತ್ತವೆ. ಹೆಸರು ಸಂಪೂರ್ಣ ತಿರುಗುಮುರುಗು. ಆ ಯಂತ್ರಗಳ ನಿರ್ವಹಣೆಯ ಕೆಲಸದಲ್ಲಿ ಅದೇ ಹುಡುಗ ಇದ್ದಾನೆಂದು ಶಿಕ್ಷಕ ಮಿತ್ರರೊಬ್ಬರು ಹೇಳಿದರು. ಒಂದು ಭಾನುವಾರ ಅವರ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತು ಹೋದೆ.

ಅವನು ಈಗ ಹುಡುಗನಲ್ಲ. ಮೀಸೆಯಲ್ಲಿ ಒಂದೆರಡು ಬಿಳಿಯ ಕೂದಲು. “ಶರಣ್ರಿ ಗುರುಗಳ” ಎಂದು ಕಾಲು ಮುಟ್ಟಲು ಬಾಗಿದ. ನಾನು ತಡೆದು, ಬಂದ ಕಾರಣವನ್ನು ನೇರವಾಗಿ ಹೇಳಿದೆ. ಅಂದು ನೀನು ಬರೆದದ್ದು ಸರಿ, ನಾನು ಅಡ್ಡಗೆರೆ ಎಳೆದದ್ದು ತಪ್ಪು ಎಂದೆ. ಗಾಳಿಯ ಸದ್ದಿನಲ್ಲಿ ಎರಡು ಸಲ ಹೇಳಬೇಕಾಯಿತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಆ ಬಹುಮಾನದ ಪುಸ್ತಕ ಯಾವುದಿತ್ರಿ ಗುರುಗಳ?” ಎಂದು ಕೇಳಿದ. ಮರೆತಿರಬಹುದೆಂದುಕೊಂಡು ಹೋಗಿದ್ದೆ, ಮರೆತಿರಲಿಲ್ಲ. ಪುಸ್ತಕದ ಹೆಸರು ನನಗೇ ನೆನಪಾಗಲಿಲ್ಲ.

ಅವನೇ ಮಾತು ತಿರುಗಿಸಿ ನನ್ನನ್ನು ಒಂದು ಶೆಡ್ಡಿನೊಳಕ್ಕೆ ಕರೆದುಕೊಂಡು ಹೋದ. ಅಲ್ಲಿ ಯಂತ್ರದಿಂದ ಕಳಚಿಟ್ಟ ಎರಡು ಹಳೆಯ ಉಪಕರಣಗಳಿದ್ದವು. ಒಂದರಲ್ಲಿ ಮೂರು ಸಣ್ಣ ಬಟ್ಟಲುಗಳು, ಗಾಳಿ ಯಾವ ಕಡೆಯಿಂದ ಬೀಸಿದರೂ ಅದು ಗಿರಗಿರನೆ ಸುತ್ತುತ್ತದೆ. ಇನ್ನೊಂದು ಬಾಲವಿರುವ ಬಾಣದಂತಹದು, ಗಾಳಿ ಬರುವ ಕಡೆಗೆ ಮೂತಿ ಮಾಡಿ ನಿಲ್ಲುತ್ತದೆ. “ಇದು ಜವ ಹೇಳ್ತದ್ರಿ, ಇದು ದಿಕ್ಕು ಹೇಳ್ತದ. ಎರಡೂ ಕೂಡಿದ ಮ್ಯಾಲೇ ಮಷೀನ್ ಮಾರಿ ತಿರುಗಸ್ತದ್ರಿ” ಎಂದ. ಬರಿಯ ಜವವನ್ನು ಅರಿತ ಯಂತ್ರ ಗಾಳಿಗೆ ಬೆನ್ನು ಮಾಡಿ ನಿಂತರೂ ನಿಂತೀತು. ನಾನು ಪುನರುಕ್ತಿಯೆಂದು ಹೊಡೆದುಹಾಕಿದ್ದ ಎರಡು ಶಬ್ದಗಳು ಎರಡು ಬೇರೆ ಬೇರೆ ವಸ್ತುಗಳಾಗಿ ಮೇಜಿನ ಮೇಲೆ ಕುಳಿತಿದ್ದವು.

ಅವನಿಂದ ಇನ್ನೊಂದು ವಿಷಯವನ್ನೂ ಕಲಿತೆ. ಗಾಳಿಯ ಜವ ಇಮ್ಮಡಿಯಾದರೆ ಅದರಲ್ಲಿರುವ ಸಾಮರ್ಥ್ಯ ಇಮ್ಮಡಿಯಲ್ಲ, ಎಂಟು ಮಡಿ. ಏಕೆಂದರೆ ಒಂದೊಂದು ಕಿಲೋ ಗಾಳಿಯ ಚಲನಶಕ್ತಿ ನಾಲ್ಕು ಮಡಿಯಾಗುತ್ತದೆ, ಮೇಲಾಗಿ ಸೆಕೆಂಡಿಗೆ ಬಂದು ಬೀಳುವ ಗಾಳಿಯೂ ಎರಡು ಪಾಲಾಗುತ್ತದೆ. ಎರಡು ನಾಲ್ಕಲಿ ಎಂಟು. ಹಾಗೆಂದು ಅದನ್ನೆಲ್ಲ ಹಿಡಿದುಕೊಳ್ಳಲು ಬಾರದು. ಗಾಳಿಯ ಶಕ್ತಿಯನ್ನು ಪೂರ್ತಿ ಕಸಿದುಕೊಂಡರೆ ಗಾಳಿ ಅಲ್ಲಿಯೇ ನಿಂತುಬಿಡುತ್ತದೆ, ಹಿಂದಿನಿಂದ ಬರುವ ಗಾಳಿಗೆ ದಾರಿಯಿರುವುದಿಲ್ಲ. ನೂರಕ್ಕೆ ಐವತ್ತೊಂಬತ್ತರ ಆಸುಪಾಸಿನ ಪಾಲನ್ನು ಮೀರಿ ಪಡೆಯಲಾಗದೆಂದು ಜರ್ಮನಿಯ ಬೆಟ್ಸ್ ಎಂಬ ವಿಜ್ಞಾನಿ ಲೆಕ್ಕ ಹಾಕಿದ್ದಾರಂತೆ. ಗಾಳಿಗೆ ಗುರುತ್ವವಿಲ್ಲವೆಂದು ನಂಬಿದ್ದವನು ಆ ಭಾರಿ ರೆಕ್ಕೆಗಳ ಕೆಳಗೆ ನಿಂತು ಇದನ್ನೆಲ್ಲ ಕೇಳಿಸಿಕೊಂಡೆ.

ಶಾಲೆಗೆ ಒಮ್ಮೆ ಬಂದು ಮಕ್ಕಳಿಗೆ ಇದನ್ನು ಹೇಳಬೇಕೆಂದು ಬೇಡಿಕೊಂಡೆ. ಶ್ರಾವಣದ ಒಂದು ಶನಿವಾರ ಆ ಎರಡು ಉಪಕರಣಗಳನ್ನೂ ಚೀಲದಲ್ಲಿ ಹಾಕಿಕೊಂಡು ಬಂದ. ಕಿಟಕಿಯ ಬಳಿ ಅವುಗಳನ್ನಿಟ್ಟು ಅರ್ಧ ತಾಸು ಮಾತನಾಡಿದ. ನಾನು ಕೊನೆಯ ಸಾಲಿನಲ್ಲಿ ಕುಳಿತಿದ್ದೆ. ಪ್ರಶ್ನೆಗಳಿದ್ದರೆ ಕೇಳಿರೆಂದಾಗ, ನಾನು ಎಣಿಸಿದ್ದಂತೆಯೇ ಹಮಾಲರ ಮಗ ಎದ್ದ. ನಿಂತವನು ಕೆಲಸ ಮಾಡುವುದಿಲ್ಲವೆಂದಾದರೆ ದಣಿಯುವುದೇಕೆ?

ಅವನು ಮೇಜಿನ ಮೇಲೆ ಚೀಲವನ್ನಿಟ್ಟ. ಮೇಜು ಇದನ್ನು ವರ್ಷಗಟ್ಟಲೆ ಹೊತ್ತರೂ ದಣಿಯದು, ಊಟವನ್ನೂ ಕೇಳದು ಎಂದ. ನಮ್ಮ ಸ್ನಾಯುಗಳು ಮೇಜಿನ ಕಾಲುಗಳಂತಲ್ಲ. ಚೀಲ ಕದಲದೆ ನಿಂತಿರಬೇಕಾದರೂ ಸ್ನಾಯುವಿನೊಳಗಿನ ಎಳೆಗಳು ಒಂದು ಸಡಿಲವಾದಾಗ ಇನ್ನೊಂದು ಬಿಗಿಯುತ್ತ, ಸರದಿಯಂತೆ ದುಡಿಯುತ್ತಲೇ ಇರುತ್ತವೆ. ಅದಕ್ಕೆ ಉಂಡ ಅನ್ನದ ಶಕ್ತಿ ವ್ಯಯವಾಗಿ ಕಾವಾಗಿ ಹೋಗುತ್ತದೆ. ಮೈ ಬೆವರುವುದು ಆ ಕಾವಿಗೇ. ಚೀಲದ ಮೇಲೆ ಆದ ಕೆಲಸ ಸೊನ್ನೆ, ಮೈಯೊಳಗೆ ಆದದ್ದು ಸೊನ್ನೆಯಲ್ಲ.

ಹುಡುಗ ಸ್ವಲ್ಪ ಯೋಚಿಸಿ, “ಹಂಗಾದ್ರ ಪುಸ್ತಕದಾಗ ಚೀಲದ ಲೆಕ್ಕ ಐತ್ರಿ, ನಮ್ಮಪ್ಪನ ಲೆಕ್ಕ ಇಲ್ಲ” ಎಂದ.

“ಹೌದ ತಮ್ಮಾ” ಎಂದು ಅವನು ಒಪ್ಪಿಕೊಂಡು, ನನ್ನ ಕಡೆ ನೋಡಿ ನಕ್ಕ. ಈ ಸಲ ಎದ್ದಿದ್ದ ಹುಡುಗನೂ ನಕ್ಕು ಕುಳಿತುಕೊಂಡ.